ಮೋಟಾರ್‌ಹೋಮ್ ಹಿಂದೆ ಎಳೆಯುವ ಕಾರಿಗೆ ಬ್ರೇಕ್ ವ್ಯವಸ್ಥೆ ಆರಿಸುವ ಬಗೆ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿರುವ ನಿಮ್ಮ ಕಾರಿನೊಳಗೆ ಕುಳಿತು, ಇಂಜಿನ್ ಚಾಲೂ ಮಾಡದೆ, ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ ನೋಡಿ. ಮೊದಲ ಒಂದೆರಡು ಸಲ ಪೆಡಲ್ ಎಂದಿನಂತೆ ಮೆತ್ತಗೆ ಇಳಿಯುತ್ತದೆ. ಮೂರನೆಯ ಸಲ ಬಿಗಿಯಾಗುತ್ತದೆ. ಅದಾದ ಮೇಲೆ ಎಷ್ಟು ತುಳಿದರೂ ಕಲ್ಲು ತುಳಿದಂತಾಗುತ್ತದೆ. ಇಂಜಿನ್ ಓಡುವಾಗ ಉಂಟಾಗುವ ನಿರ್ವಾತ, ಅಂದರೆ ಮೆಕ್ಯಾನಿಕ್‌ಗಳು ವ್ಯಾಕ್ಯೂಮ್ ಎನ್ನುವುದು, ಬೂಸ್ಟರ್ ಎಂಬ ದುಂಡನೆಯ ಡಬ್ಬಿಯಲ್ಲಿ ನಿಂತು ನಮ್ಮ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಇಂಜಿನ್ ನಿಂತ ಮೇಲೆ ಅದು ಎರಡು ಮೂರು ಒತ್ತುಗಳಿಗೆ ತೀರಿಹೋಗುತ್ತದೆ. ಒಳಗೇ ವಾಸಿಸಬಹುದಾದ ಮೋಟಾರ್‌ಹೋಮ್ ಎಂಬ ವಾಹನದ ಹಿಂದೆ ಕಟ್ಟಿದ ಕಾರಿಗೆ ಬ್ರೇಕ್ ವ್ಯವಸ್ಥೆ ಆರಿಸುವವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ, ಏಕೆಂದರೆ ಆ ಕಾರು ನೂರಾರು ಕಿಲೋಮೀಟರ್ ಉರುಳುವುದು ಇಂಜಿನ್ ನಿಂತಿರುವಾಗ, ಚಾಲಕನ ಸೀಟು ಖಾಲಿಯಿರುವಾಗ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬ್ರೇಕ್ ಭಾಗಗಳ ತಪಾಸಣೆಯಲ್ಲಿ ನನ್ನ ದುಡಿಮೆಯ ವರ್ಷಗಳು ಕಳೆದವು. ನಿವೃತ್ತನಾದ ಮೇಲೆ, ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಹಳೆಯ ಮೋಟಾರ್‌ಹೋಮ್ ಒಂದನ್ನು ಕೊಂಡು, "ಚಿಕ್ಕಪ್ಪ, ಹಿಂದೆ ಎಳೆಯುವ ಕಾರಿಗೆ ಯಾವ ಬ್ರೇಕ್ ತೊಗೊಳ್ಳಲಿ, ನೀವೇ ಹೇಳಿ" ಎಂದು ಫೋನ್ ಮಾಡಿದ. ಅಡುಗೆಮನೆ, ಮಲಗುವ ಕೋಣೆ, ಸ್ನಾನದ ಮನೆ ಎಲ್ಲವನ್ನೂ ಒಳಗಿಟ್ಟುಕೊಂಡ ಬಸ್ಸಿನಂಥ ಆ ವಾಹನವನ್ನು ಬಿಡಾರದಲ್ಲಿ ನಿಲ್ಲಿಸಿದ ಮೇಲೆ ಹಾಲು ತರಕಾರಿಗೆ ಓಡಾಡಲು ಚಿಕ್ಕ ಕಾರೊಂದು ಬೇಕು. ಅದನ್ನು ನಾಲ್ಕೂ ಚಕ್ರ ನೆಲದ ಮೇಲಿರುವಂತೆಯೇ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವುದು ಅಲ್ಲಿನ ರೂಢಿ. ಆ ಮೇಲೆ ಮಲ್ಲೇಶ್ವರದ ನಮ್ಮ ವಾಕಿಂಗ್ ಗುಂಪಿನಲ್ಲೂ, ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೋಗಿಬರುವ ಇಬ್ಬರು ಮೂವರು ಇದೇ ಪ್ರಶ್ನೆ ಕೇಳಿದರು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಹೀಗೆ ಮಾಡಬಹುದೇ ಎಂದು ಕೇಳುವವರಿಗೆ ಉತ್ತರ ಚಿಕ್ಕದು. 1989ರ ರಸ್ತೆ ನಿಯಮಾವಳಿಯ ಕಾಲದಿಂದಲೂ ಇಲ್ಲಿ ಎಳೆಯಲು ಅವಕಾಶವಿರುವುದು ಕೆಟ್ಟುನಿಂತ ವಾಹನಕ್ಕೆ, ಪೂರ್ತಿ ಜೋಡಣೆಯಾಗದ ವಾಹನಕ್ಕೆ ಮತ್ತು ನೋಂದಣಿಯಾದ ಟ್ರೈಲರಿಗೆ. ಸುಸ್ಥಿತಿಯಲ್ಲಿರುವ ಕಾರನ್ನು ಕ್ಯಾರವಾನ್ ಹಿಂದೆ ಕಟ್ಟಿಕೊಂಡು ನೆಲಮಂಗಲ ದಾಟುವ ಯೋಚನೆಯನ್ನು ಬಿಡಬೇಕು. ಮುಂದೆ ಹೇಳುವುದೆಲ್ಲ ಅಮೆರಿಕದ ರಸ್ತೆಗೆ ಸಂಬಂಧಿಸಿದ್ದು.

ಮೋಟಾರ್‌ಹೋಮ್ ಅಷ್ಟು ದೊಡ್ಡದು, ಅದರ ಬ್ರೇಕೇ ಎರಡನ್ನೂ ನಿಲ್ಲಿಸುವುದಿಲ್ಲವೇ ಎಂಬುದು ಮೊದಲು ಬರುವ ಸಂದೇಹ. ಲೆಕ್ಕ ಹಾಕಿ ನೋಡೋಣ. ಮೋಟಾರ್‌ಹೋಮ್ 9 ಟನ್, ಕಾರು 1.8 ಟನ್, ವೇಗ ಗಂಟೆಗೆ 90 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಆ ವೇಗದಲ್ಲಿ ಕಾರಿನಲ್ಲಿ ತುಂಬಿರುವ ಶಕ್ತಿ, ಅದನ್ನು ಸುಮಾರು 32 ಮೀಟರ್ ಎತ್ತರದಿಂದ, ಅಂದರೆ ಹತ್ತು ಮಹಡಿಯ ಕಟ್ಟಡದ ತುದಿಯಿಂದ, ಕೆಳಗೆ ಬಿಟ್ಟಾಗ ನೆಲ ಮುಟ್ಟುವ ಹೊತ್ತಿಗೆ ಇರುವ ಶಕ್ತಿಗೆ ಸಮ. ಮೋಟಾರ್‌ಹೋಮ್ ಒಂಟಿಯಾಗಿ 64 ಮೀಟರಿನಲ್ಲಿ ನಿಲ್ಲಬಲ್ಲದು ಎಂದಾದರೆ, ಅದೇ ಬ್ರೇಕಿನ ಬಲ ಬ್ರೇಕಿಲ್ಲದ ಕಾರನ್ನೂ ತಡೆಯಬೇಕಾದಾಗ ನಿಲ್ಲಲು ಸುಮಾರು 77 ಮೀಟರ್ ಬೇಕು. ಹೆಚ್ಚಾದ ಆ 13 ಮೀಟರ್ ನಮ್ಮ ದೊಡ್ಡ ಬಿಎಂಟಿಸಿ ಬಸ್ಸೊಂದರ ಉದ್ದಕ್ಕಿಂತ ತುಸು ಜಾಸ್ತಿ. ಅಷ್ಟೇ ಅಲ್ಲ, ಜೋರಾಗಿ ಬ್ರೇಕ್ ಹಾಕಿದ ಆ ಕ್ಷಣಗಳಲ್ಲಿ ಹಿಂದಿನ ಕಾರು ಕೊಂಡಿಯನ್ನು ಸುಮಾರು ಮುಕ್ಕಾಲು ಟನ್ ಬಲದಿಂದ ಮುಂದಕ್ಕೆ ತಳ್ಳುತ್ತಿರುತ್ತದೆ. ಇಳಿಜಾರಿನಲ್ಲಿ ಹೇರಿದ ಗಾಡಿ ಎತ್ತಿನ ಹೆಗಲ ಮೇಲೆ ಬರುವುದನ್ನು ಹಳ್ಳಿಯಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುವಿನಲ್ಲಿ ಈ ತಳ್ಳು ನೇರವಾಗಿ ಬರದೆ ಓರೆಯಾಗಿ ಬಂದು ಮೋಟಾರ್‌ಹೋಮಿನ ಹಿಂಭಾಗವನ್ನು ಪಕ್ಕಕ್ಕೆ ಒತ್ತುತ್ತದೆ. ಮಳೆಗಾಲದ ರಸ್ತೆಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಅದೇ. ಕಾನೂನಿನ ಮಾತಿಗೆ ಬಂದರೆ, ಎಳೆಯಲಾಗುವ ವಾಹನ 3,000 ಪೌಂಡ್, ಅಂದರೆ ಸುಮಾರು 1,360 ಕೆ.ಜಿ. ಮೀರಿದರೆ ಅದಕ್ಕೆ ತನ್ನದೇ ಬ್ರೇಕ್ ಬೇಕೆಂದು ಅಲ್ಲಿನ ಹಲವು ರಾಜ್ಯಗಳು ಹೇಳುತ್ತವೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನಾನಂತೂ ಕಾರು ಎಷ್ಟೇ ಹಗುರವಾಗಿದ್ದರೂ ಬ್ರೇಕ್ ಹಾಕಿಸಿ ಎಂದೇ ಹೇಳುತ್ತೇನೆ.

ಬ್ರೇಕಿಗಿಂತ ಮೊದಲು ಕಾರಿನ ಕೈಪಿಡಿಯನ್ನು ತೆರೆಯಬೇಕು. ಅದರಲ್ಲಿ 'ರಿಕ್ರಿಯೇಷನಲ್ ಟೋಯಿಂಗ್' ಎಂಬ ಭಾಗವಿದ್ದು, ನಾಲ್ಕೂ ಚಕ್ರ ನೆಲದಲ್ಲಿರುವಂತೆ ಎಳೆಯಬಹುದೇ ಇಲ್ಲವೇ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಜೀಪ್ ರ‍್ಯಾಂಗ್ಲರ್ ಈ ಕೆಲಸಕ್ಕೆ ಜನಪ್ರಿಯವಾದದ್ದು ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಅದರ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಬಹುದು ಎಂಬ ಕಾರಣಕ್ಕೆ. ಹೋಂಡಾ ಸಿಆರ್‌-ವಿ 2014ರ ಮಾದರಿಯವರೆಗೆ ಹೀಗೆ ಎಳೆಯಲು ಯೋಗ್ಯವಾಗಿತ್ತು, 2015ರಲ್ಲಿ ಸಿವಿಟಿ ಎಂಬ, ಬೆಲ್ಟಿನಿಂದ ಓಡುವ ಗೇರ್‌ಬಾಕ್ಸ್ ಬಂದ ಮೇಲೆ ಯೋಗ್ಯವಲ್ಲ. ಟೆಸ್ಲಾ ಕಾರುಗಳನ್ನು ಚಕ್ರ ನೆಲದಲ್ಲಿಟ್ಟು ಎಳೆಯಲೇಬಾರದು. ಅದರ ಜೊತೆಗೆ ಮೋಟಾರ್‌ಹೋಮಿನ ಕೊಂಡಿಯ ಮೇಲೆ ಬರೆದಿರುವ ತೂಕದ ಮಿತಿಯನ್ನೂ, ಎರಡೂ ವಾಹನಗಳು ಸೇರಿ ಇರಬಹುದಾದ ಒಟ್ಟು ತೂಕದ ಮಿತಿಯನ್ನೂ ನೋಡಿ. ಇವೆರಡರಲ್ಲಿ ಮೊದಲು ಎದುರಾಗುವ ಮಿತಿಯೇ ನಿಮ್ಮ ಮಿತಿ. ನೀರಿನ ಟ್ಯಾಂಕು, ಸಾಮಾನು, ಜನ ಎಲ್ಲ ತುಂಬಿದ ಮೇಲೆ ವೇಬ್ರಿಜ್ ಮೇಲೆ ತೂಗಿಸಿದ ಅಂಕಿಯನ್ನಷ್ಟೇ ನಂಬಬೇಕು.

ಈಗ ಆಯ್ಕೆಯ ಮೊದಲ ಕವಲು: ಮೋಟಾರ್‌ಹೋಮಿನಲ್ಲಿರುವುದು ಏರ್ ಬ್ರೇಕೋ, ಕಾರುಗಳಲ್ಲಿರುವಂತೆ ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕೋ? ಇಂಜಿನ್ ಹಿಂದೆ ಇರುವ ದೊಡ್ಡ ಡೀಸೆಲ್ ಮೋಟಾರ್‌ಹೋಮುಗಳಲ್ಲಿ ಸಾಮಾನ್ಯವಾಗಿ ನಮ್ಮ ಬಸ್ಸು ಲಾರಿಗಳಂತೆ ಏರ್ ಬ್ರೇಕ್ ಇರುತ್ತದೆ. ಫೋರ್ಡ್ ಎಫ್‌-53 ಚಾಸಿಯ ಮೇಲೆ ಕಟ್ಟಿದ ಪೆಟ್ರೋಲ್ ಮೋಟಾರ್‌ಹೋಮುಗಳಲ್ಲಿ ಹೈಡ್ರಾಲಿಕ್ ಬ್ರೇಕ್. ಏರ್ ಬ್ರೇಕ್ ಇದ್ದವರ ಕೆಲಸ ಬಹುಮಟ್ಟಿಗೆ ಸುಲಭ. ಏರ್ ಫೋರ್ಸ್ ಒನ್‌ನಂಥ ವ್ಯವಸ್ಥೆಯಲ್ಲಿ ಮೋಟಾರ್‌ಹೋಮಿನ ಬ್ರೇಕ್ ಗಾಳಿಯ ಒಂದು ಕವಲು ನಾಳದ ಮೂಲಕ ಕಾರಿಗೆ ಹೋಗಿ, ಅಲ್ಲಿ ಚಿಕ್ಕ ಸಿಲಿಂಡರ್ ಒಂದು ಪೆಡಲನ್ನು ಎಳೆಯುತ್ತದೆ. ಚಾಲಕ ಹಗುರವಾಗಿ ತುಳಿದರೆ ಗಾಳಿಯ ಒತ್ತಡವೂ ಕಡಿಮೆ, ಜೋರಾಗಿ ತುಳಿದರೆ ಹೆಚ್ಚು. ಕಾರು ಮೋಟಾರ್‌ಹೋಮಿನ ನೆರಳಿನಂತೆ ನಡೆದುಕೊಳ್ಳುತ್ತದೆ. ಎಂ ಆ್ಯಂಡ್ ಜಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಗಾಳಿಯ ಸಿಲಿಂಡರನ್ನು ಬೂಸ್ಟರ್ ಮತ್ತು ಬ್ರೇಕ್ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್‌ಗಳ ನಡುವೆಯೇ ಕೂರಿಸುತ್ತಾರೆ. ಅಲ್ಲಿ ಜಾಗವಿಲ್ಲದ ಕಾರುಗಳಿಗೆ ಅದು ಹೊಂದುವುದಿಲ್ಲ. ಏರ್ ಬ್ರೇಕ್ ಇರುವ ಮೋಟಾರ್‌ಹೋಮ್ ಕೊಂಡು, ಒಂದೇ ಕಾರನ್ನು ವರ್ಷಗಟ್ಟಲೆ ಎಳೆಯುವ ಇರಾದೆಯುಳ್ಳವರು ಬೇರೆ ಕಡೆ ನೋಡುವ ಅಗತ್ಯವನ್ನೇ ನಾನು ಕಾಣೆ.

ಹೈಡ್ರಾಲಿಕ್ ಬ್ರೇಕ್ ಇದ್ದವರ ಮುಂದೆ ಮೂರು ದಾರಿಗಳಿವೆ. ಒಂದು, ಹಿಂದಿನ ಕಾರಿನಲ್ಲಿ ಚಾಲಕ ಕಾಲಿಡುವ ಜಾಗದಲ್ಲಿ ಕೂರಿಸಿ, ಹಿಂಬದಿಯನ್ನು ಸೀಟಿಗೆ ಆನಿಸಿ, ಮುಂದಿನ ತೋಳನ್ನು ಪೆಡಲಿಗೆ ಕಚ್ಚಿಸುವ ಪೆಟ್ಟಿಗೆ. ಬ್ರೇಕ್ ಬಡಿ, ಬ್ಲೂ ಆಕ್ಸ್ ಪೇಟ್ರಿಯಟ್, ಆರ್‌ವಿಐ ಬ್ರೇಕ್ ಮುಂತಾದವು ಈ ಜಾತಿಯವು. ವೇಗ ಕುಗ್ಗುವುದನ್ನು ಒಳಗಿನ ಸಂವೇದಕ ಅರಿತು ತೋಳು ಪೆಡಲನ್ನು ಒತ್ತುತ್ತದೆ. ಎರಡು, ಕಾರಿನೊಳಗೆ ಕಾಯಂ ಆಗಿ ಕೂರಿಸುವ ಯಂತ್ರ. ಡೆಮ್ಕೊ ಕಂಪನಿಯ ಸ್ಟೇ ಇನ್ ಪ್ಲೇ ಡ್ಯುಯೊ, ರೋಡ್‌ಮಾಸ್ಟರ್ ಕಂಪನಿಯ ಇನ್‌ವಿಸಿಬ್ರೇಕ್ ಇದಕ್ಕೆ ಉದಾಹರಣೆಗಳು. ಮೂರು, ಕೊಂಡಿಯಲ್ಲೇ ಅಡಗಿರುವ ತಳ್ಳುಬ್ರೇಕ್. ರೆಡಿಬ್ರೂಟ್ ಎಂಬ ಎಳೆಸರಳಿನಲ್ಲಿ ಹೀಗಿದೆ: ಹಿಂದಿನ ಕಾರು ಮುಂದಕ್ಕೆ ತಳ್ಳಿದಾಗ ಸನ್ನೆಕೋಲೊಂದು ತಿರುಗಿ, ಉಕ್ಕಿನ ಕೇಬಲ್ ಮೂಲಕ ಕಾರಿನ ಪೆಡಲನ್ನು ಎಳೆಯುತ್ತದೆ. ಅದಕ್ಕೆ ವಿದ್ಯುತ್ ಬೇಡ, ಗಾಳಿ ಬೇಡ, ಸೂಕ್ಷ್ಮ ಹೊಂದಾಣಿಕೆಯೂ ಹೆಚ್ಚು ಬೇಡ. ಕೆಡುವ ಭಾಗಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದೆಂದು ನಂಬಿದ ನನ್ನಂಥ ಹಳೆಯ ಕಾಲದ ಕೆಲಸಗಾರನಿಗೆ ಅದರ ಮೇಲೆ ಒಲವಿದೆ. ಆದರೆ ಉದ್ದನೆಯ ಇಳಿಜಾರಿನಲ್ಲಿ ಚಾಲಕ ಗೇರ್ ಇಳಿಸಿ ಇಂಜಿನ್ನಿನ ತಡೆಯಿಂದಲೇ ಬರುತ್ತಿದ್ದಾಗಲೂ ಕಾರು ಕೊಂಡಿಯನ್ನು ತಳ್ಳುತ್ತಲೇ ಇರುತ್ತದೆ. ಶೇಕಡಾ 7ರ ಇಳಿಜಾರಿನಲ್ಲಿ 1.8 ಟನ್ ಕಾರಿನ ತಳ್ಳು ಸುಮಾರು 125 ಕೆ.ಜಿ. ಬಲದಷ್ಟಿದ್ದು, ಅಷ್ಟೂ ಹೊತ್ತು ಕಾರಿನ ಬ್ರೇಕ್ ಹಗುರವಾಗಿ ಹಿಡಿದುಕೊಂಡೇ ಇರಬಹುದು. ಬೆಟ್ಟದ ದಾರಿಗಳಲ್ಲೇ ಹೆಚ್ಚು ಓಡಾಡುವವರು ಇದನ್ನು ಯೋಚಿಸಿ ತೀರ್ಮಾನಿಸಬೇಕು.

ಈಗ ಮೊದಲು ಹೇಳಿದ ಪೆಡಲಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಪೆಟ್ಟಿಗೆಯ ಬ್ರೇಕ್ ಕೊಂಡವರು ಎಡವುವುದು ಇಲ್ಲೇ. ಸಾಮಾನ್ಯ ಕಾರಿನಲ್ಲಿ ವ್ಯಾಕ್ಯೂಮ್ ತೀರಿದ ಮೇಲೆ ಪೆಡಲ್ ಕಲ್ಲಾಗಿರುತ್ತದೆ. ಪೆಟ್ಟಿಗೆಯನ್ನು ಆ ಕಲ್ಲು ಪೆಡಲಿಗೆ ತಕ್ಕ ಬಲಕ್ಕೆ ಹೊಂದಿಸಬೇಕು. ವ್ಯಾಕ್ಯೂಮ್ ತುಂಬಿರುವಾಗಲೇ ಹೊಂದಿಸಿದರೆ ಮೊದಲ ಎರಡು ಬ್ರೇಕಿನಲ್ಲಿ ಎಲ್ಲ ಸರಿಯಿದ್ದಂತೆ ಕಂಡು, ಮೂರನೆಯದರಿಂದ ಪೆಟ್ಟಿಗೆ ಒತ್ತಿದರೂ ಕಾರಿನ ಚಕ್ರಕ್ಕೆ ಬ್ರೇಕ್ ತಾಗುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ. ಎಳೆಯುವ ಮುನ್ನ ಇಂಜಿನ್ ಓಡಿಸಿ ಗೇರುಗಳನ್ನು ಒಂದೊಂದಾಗಿ ಹಾಕಿ ತೆಗೆಯಬೇಕು, ದಾರಿಯ ನಡುವೆಯೂ ಆಗಾಗ ಇಂಜಿನ್ ಓಡಿಸಬೇಕು ಎಂದು ಕೆಲವು ಕಾರುಗಳ ಕೈಪಿಡಿ ಹೇಳುತ್ತದೆ. ಹಾಗೆ ಓಡಿಸಿದಾಗ ಬೂಸ್ಟರ್ ಮತ್ತೆ ತುಂಬಿಕೊಳ್ಳುತ್ತದೆ. ಕಲ್ಲು ಪೆಡಲಿಗೆಂದು ಹೊಂದಿಸಿದ ಬಲ ಮೆತ್ತನೆಯ ಪೆಡಲಿನ ಮೇಲೆ ಬಿದ್ದರೆ ಮೊದಲ ಬ್ರೇಕಿಗೇ ಚಕ್ರಗಳು ಜಾಮ್ ಆಗಿ ಟೈರು ರಸ್ತೆಗೆ ಉಜ್ಜಿಕೊಂಡು ಹೋಗಬಹುದು. ಆದ್ದರಿಂದ ಇಂಜಿನ್ ನಿಲ್ಲಿಸಿದ ಪ್ರತಿ ಸಲವೂ, ಪೆಟ್ಟಿಗೆ ಕೂರಿಸುವ ಮುಂಚೆ, ಪೆಡಲ್ ಕಲ್ಲಾಗುವ ತನಕ ಕಾಲಿನಿಂದ ಒತ್ತಿ ಬೂಸ್ಟರನ್ನು ಖಾಲಿ ಮಾಡಬೇಕು. ಕಾಯಂ ಆಗಿ ಕೂರಿಸುವ ಯಂತ್ರಗಳ ಒಂದು ದೊಡ್ಡ ಹೆಚ್ಚುಗಾರಿಕೆ ಇಲ್ಲಿದೆ: ಡ್ಯುಯೊದಂಥವು ಬೂಸ್ಟರಿಗೆ ತಾವೇ ವ್ಯಾಕ್ಯೂಮ್ ಒದಗಿಸುವುದರಿಂದ ಪೆಡಲ್ ಎಂದಿನಂತೆ ಮೆತ್ತಗೇ ಉಳಿದು, ಕಡಿಮೆ ಬಲದಲ್ಲಿ ಬ್ರೇಕ್ ಹಿಡಿಯುತ್ತದೆ.

ಹೈಬ್ರಿಡ್ ಕಾರುಗಳ ಕಥೆ ಬೇರೆ. ಫೋರ್ಡ್ ಫ್ಯೂಷನ್ ಹೈಬ್ರಿಡ್‌ನಂಥ ಕಾರಿನಲ್ಲಿ ಬ್ರೇಕಿಗೆ ನೆರವು ಬರುವುದು ಇಂಜಿನ್ನಿನ ವ್ಯಾಕ್ಯೂಮಿನಿಂದಲ್ಲ, ವಿದ್ಯುತ್ತಿನಿಂದ. ಇಂಜಿನ್ ನಿಂತಿದ್ದರೂ ಪೆಡಲ್ ಒತ್ತಿದಾಗ ನೆರವು ಎಚ್ಚೆತ್ತುಕೊಳ್ಳಬಹುದು. ಅಂಥ ಕಾರಿನ ಪೆಡಲನ್ನು ಎಷ್ಟು ಸಲ ಒತ್ತಿದರೂ ಕಲ್ಲಾಗುವುದಿಲ್ಲ. ಬೇಸ್‌ಮೆಂಟಿನ ಪರೀಕ್ಷೆಯಲ್ಲಿ ನಿಮ್ಮ ಕಾರು ಹೀಗೆ ಕಂಡರೆ, ಹೈಬ್ರಿಡ್ ಬ್ರೇಕಿಗೆಂದೇ ಹಗುರ ಒತ್ತಡದ ಹೊಂದಾಣಿಕೆ ಇರುವ ಪೆಟ್ಟಿಗೆಯನ್ನು ಕೇಳಿ ಪಡೆಯಬೇಕು.

ಅಣ್ಣನ ಮಗ ಕೊಂಡದ್ದು ಪೆಟ್ಟಿಗೆಯ ಬ್ರೇಕನ್ನೇ. ಒಂದು ಬೇಸಿಗೆಯಲ್ಲಿ ನಾನೂ ಅವನೊಡನೆ ಕೊಲರಾಡೊದ ಐಸೆನ್‌ಹೋವರ್ ಸುರಂಗದಿಂದ ಡೆನ್ವರ್ ಕಡೆಗೆ ಇಳಿಯುತ್ತಿದ್ದೆ. ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಿಂದ ಇಳಿಯುವ ಆ ಹೆದ್ದಾರಿ ನಮ್ಮ ಶಿರಾಡಿ ಘಾಟಿಗಿಂತ ಅಗಲವಾಗಿದ್ದರೂ ಇಳಿತ ಬಹಳ ಉದ್ದ. ವಿಶ್ರಾಂತಿಗೆಂದು ನಿಲ್ಲಿಸಿ ಕೆಳಗಿಳಿದಾಗ ಕಾರಿನ ಮುಂದಿನ ಚಕ್ರಗಳಿಂದ ಪ್ಯಾಡ್ ಸುಟ್ಟ ವಾಸನೆ ಬರುತ್ತಿತ್ತು, ಡಿಸ್ಕ್ ನೀಲಿಗಟ್ಟಿತ್ತು. ಆ ದಿನ ಬೆಳಿಗ್ಗೆ ಪೆಟ್ಟಿಗೆ ಅಲುಗಾಡದಿರಲೆಂದು ನಾನೇ ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದಿದ್ದೆ. ಅಷ್ಟರಿಂದ ತೋಳು ಪೆಡಲನ್ನು ಕೂದಲೆಳೆಯಷ್ಟು ಒತ್ತಿಯೇ ಇತ್ತು. ಮೋಟಾರ್‌ಹೋಮಿನ ಚಾಲಕನಿಗೆ ಅದು ತಿಳಿಯುವುದೇ ಇಲ್ಲ, ಏಕೆಂದರೆ ಅಷ್ಟು ದೊಡ್ಡ ಇಂಜಿನ್ನಿಗೆ ಹಿಂದಿನ ಕಾರಿನ ಎಳೆತ ಲೆಕ್ಕಕ್ಕಿಲ್ಲ. ಬ್ರೇಕ್ ಹಿಡಿದಾಗ ಮುಂದೆ ದೀಪ ಉರಿಸಿ ತಿಳಿಸುವ ಸಾಧನವನ್ನು ನಾವು ಜೋಡಿಸಿರಲಿಲ್ಲ. ಅದು ಪೆಟ್ಟಿಗೆಯ ಜೊತೆಗೇ ಬಂದಿದ್ದರೂ ಡಬ್ಬದಲ್ಲೇ ಉಳಿದಿತ್ತು. ಆ ದಿನದಿಂದ ನಾನು ಎಲ್ಲರಿಗೂ ಒತ್ತಿ ಹೇಳುವುದು ಇದು: ಚಾಲಕನಿಗೆ ಸೂಚನೆ ಕೊಡದ ಯಾವ ವ್ಯವಸ್ಥೆಯನ್ನೂ ಕೊಳ್ಳಬೇಡಿ, ಕೊಂಡ ಸಾಧನವನ್ನು ಜೋಡಿಸದೆ ಹೊರಡಬೇಡಿ. ಪೆಟ್ಟಿಗೆ ಕೂರಿಸುವಾಗ ಕಾಲಡಿಯ ಮ್ಯಾಟನ್ನು ತೆಗೆದುಬಿಡಿ, ತೋಳು ಹಿಂದೆ ಸರಿದಾಗ ಪೆಡಲ್ ಪೂರ್ತಿ ಮೇಲೆ ಬಂದಿದೆಯೇ ಎಂದು ಕೈಯಿಂದಲೇ ಮುಟ್ಟಿ ನೋಡಿ, ಸೀಟು ಯಾವ ಹಲ್ಲಿನಲ್ಲಿರಬೇಕೆಂದು ಹಳಿಯ ಮೇಲೆ ಬಣ್ಣದ ಗುರುತು ಹಾಕಿ.

ಡೀಸೆಲ್ ಮೋಟಾರ್‌ಹೋಮ್ ಇದ್ದವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಕೆಲವು ವಾಹನಗಳಲ್ಲಿ ಎಗ್ಸಾಸ್ಟ್ ಬ್ರೇಕ್, ಅಂದರೆ ಇಂಜಿನ್ನಿನ ಹೊಗೆಯನ್ನು ತಡೆದು ವೇಗ ಕುಗ್ಗಿಸುವ ಬ್ರೇಕ್, ಹಾಕಿದಾಗಲೂ ಹಿಂದಿನ ಕೆಂಪು ದೀಪ ಉರಿಯುತ್ತದೆ. ಕಾರಿನ ಯಂತ್ರ ಆ ದೀಪದ ಸಂಕೇತವನ್ನಷ್ಟೇ ನೋಡಿ ಕೆಲಸ ಮಾಡುವಂಥದ್ದಾದರೆ, ಇಳಿಜಾರಿನ ಉದ್ದಕ್ಕೂ ಕಾರಿನ ಬ್ರೇಕ್ ಹಿಡಿದೇ ಇರುತ್ತದೆ. ವೇಗ ಕುಗ್ಗುವುದನ್ನಷ್ಟೇ ನೋಡುವ ಯಂತ್ರ ರಸ್ತೆಯ ಗುಂಡಿಗೆ ಮೋಸಹೋಗಬಹುದು. ದೀಪದ ಸಂಕೇತ ಬಂದು, ವೇಗವೂ ನಿಜವಾಗಿ ಕುಗ್ಗಿದಾಗ ಮಾತ್ರ ಬ್ರೇಕ್ ಹಾಕುವ ಯಂತ್ರ ಇವೆರಡನ್ನೂ ತಪ್ಪಿಸುತ್ತದೆ. ಡ್ಯುಯೊ ಕೆಲಸ ಮಾಡುವುದು ಈ ಎರಡು ಸಂಕೇತಗಳಿಂದಲೇ. ಇದರೊಂದಿಗೆ, ಎಷ್ಟು ವೇಗ ಕುಗ್ಗಿದರೆ ಅಷ್ಟೇ ಬಲದಿಂದ ಒತ್ತುವ ಯಂತ್ರವೋ, ಒಂದೇ ಬಲದಿಂದ ಒತ್ತಿ ಬಿಡುವ ಯಂತ್ರವೋ ಎಂದು ವಿಚಾರಿಸಿ ಮೊದಲನೆಯದನ್ನೇ ಆರಿಸಿ. ಸಿಗ್ನಲ್‌ನಲ್ಲಿ ಮೆಲ್ಲಗೆ ನಿಲ್ಲುವಾಗಲೂ ಕಾರು ಹಿಂದಿನಿಂದ ಜಗ್ಗಿದರೆ ಕೊಂಡಿ, ಪ್ಯಾಡ್, ಒಳಗೆ ಕುಳಿತವರು ಎಲ್ಲರಿಗೂ ತೊಂದರೆ.

ಬ್ಯಾಟರಿಯನ್ನು ಮರೆಯುವವರೇ ಹೆಚ್ಚು. ಸ್ಟೀರಿಂಗ್ ಲಾಕ್ ಆಗದಿರಲೆಂದು ಹಲವು ಕಾರುಗಳಲ್ಲಿ ಕೀಲಿಯನ್ನು ಅರ್ಧ ತಿರುಗಿಸಿ ಇಡಬೇಕಾಗುತ್ತದೆ. ಅದರ ಮೇಲೆ ಬ್ರೇಕಿನ ಯಂತ್ರವೂ ಅದೇ ಬ್ಯಾಟರಿಯಿಂದ ವಿದ್ಯುತ್ ಎಳೆಯುತ್ತದೆ. ಐದಾರು ಗಂಟೆಯ ಪ್ರಯಾಣದ ಕೊನೆಯಲ್ಲಿ ಬ್ಯಾಟರಿ ಇಳಿದರೆ ಕಾರು ಚಾಲೂ ಆಗದಿರುವುದು ಚಿಕ್ಕ ತೊಂದರೆ, ಬ್ರೇಕೇ ಇಲ್ಲದಿರುವುದು ದೊಡ್ಡದು. ಮೋಟಾರ್‌ಹೋಮಿನಿಂದ ಕಾರಿನ ಬ್ಯಾಟರಿಗೆ ಚಾರ್ಜ್ ಆಗುವ ತಂತಿಯೊಂದನ್ನು ಎಳೆಸಿಕೊಳ್ಳಿ.

ಬೆಲೆಯ ವಿಷಯದಲ್ಲಿ ಹೇಳುವುದಾದರೆ, ಒಳ್ಳೆಯ ವ್ಯವಸ್ಥೆ ಯಾವುದೇ ಜಾತಿಯದಾದರೂ ಸಾಮಾನ್ಯವಾಗಿ ಸಾವಿರ ಡಾಲರ್ ದಾಟುತ್ತದೆ, ಕಾಯಂ ಆಗಿ ಕೂರಿಸುವುದಕ್ಕೆ ಕೂಲಿ ಬೇರೆ. ಎರಡು ಕಾರುಗಳನ್ನು ಬದಲಿಸಿ ಎಳೆಯುವವರಿಗೆ, ಒಂದೆರಡು ವರ್ಷದಲ್ಲಿ ಕಾರು ಮಾರುವವರಿಗೆ ಪೆಟ್ಟಿಗೆ ಸರಿ. ಒಂದೇ ಕಾರನ್ನು ಬಹುಕಾಲ ಇಟ್ಟುಕೊಳ್ಳುವವರಿಗೆ ಕಾಯಂ ವ್ಯವಸ್ಥೆ ಮೇಲು. ವಯಸ್ಸಾದ ತಂದೆತಾಯಿ ಜೊತೆಗಿದ್ದು ಕೊಂಡಿ ಹಾಕುವ ಕೆಲಸದಲ್ಲಿ ಕೈಜೋಡಿಸುವ ಮನೆಗಳಲ್ಲಂತೂ, ಪ್ರತಿ ಸಲ ಆ ಭಾರದ ಪೆಟ್ಟಿಗೆಯನ್ನು ಬಗ್ಗಿ ಎತ್ತಿ ಕೂರಿಸುವುದಕ್ಕಿಂತ ಒಂದು ತಂತಿ ಸಿಕ್ಕಿಸಿ ಹೊರಡುವಂತಿರುವುದು ಎಷ್ಟೋ ವಾಸಿ. ಬಗ್ಗುವುದು ಕಷ್ಟವಾದಾಗ ಮನುಷ್ಯ ತಪಾಸಣೆಯನ್ನೂ ಬಿಟ್ಟುಬಿಡುತ್ತಾನೆ.

ಯಾವುದನ್ನು ಆರಿಸಿದರೂ ಕೊಂಡಿ ಕಳಚಿದಾಗ ಕಾರನ್ನು ತಾನಾಗಿಯೇ ನಿಲ್ಲಿಸುವ ಬ್ರೇಕ್‌ಅವೇ ಸ್ವಿಚ್ ಅದರಲ್ಲಿ ಇರಲೇಬೇಕು. ಕಾರಿನ ಮುಂಭಾಗದ ಸ್ವಿಚ್ಚಿನಲ್ಲಿ ಒಂದು ಪಿನ್, ಪಿನ್ನಿನಿಂದ ಮೋಟಾರ್‌ಹೋಮಿಗೆ ಒಂದು ತೆಳು ಕೇಬಲ್. ಕಾರು ಬೇರ್ಪಟ್ಟರೆ ಪಿನ್ ಕಿತ್ತು ಬಂದು ಬ್ರೇಕ್ ಪೂರ್ತಿ ಹಿಡಿಯುತ್ತದೆ. ಆ ಕೇಬಲನ್ನು ಮೋಟಾರ್‌ಹೋಮಿನ ಚಾಸಿಗೆ ಕಟ್ಟಬೇಕು, ಕೊಂಡಿಗಾಗಲೀ ಸುರಕ್ಷತಾ ಸರಪಳಿಗಾಗಲೀ ಅಲ್ಲ. ಕೊಂಡಿಯೇ ಕಳಚಿ ಕಾರಿನ ಜೊತೆ ಹೋದರೆ ಅದಕ್ಕೆ ಕಟ್ಟಿದ ಕೇಬಲ್ ಎಳೆಯುವುದು ಯಾವುದನ್ನು? ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲವೂ, ನೆಲಕ್ಕೆ ತಾಗದಷ್ಟು ಗಿಡ್ಡವೂ ಆಗಿರಬೇಕು.

ಮೊದಲ ಪ್ರಯಾಣಕ್ಕೆ ಮುನ್ನ ಖಾಲಿ ಮೈದಾನದಲ್ಲಿ ಅರ್ಧ ದಿನ ಕಳೆಯಿರಿ. ಪಿನ್ ಎಳೆದು, ಮೋಟಾರ್‌ಹೋಮನ್ನು ಅಂಗುಲದಷ್ಟು ಮುಂದಕ್ಕೆ ಬಿಟ್ಟು, ಕಾರಿನ ಚಕ್ರ ತಿರುಗದೆ ನಿಲ್ಲುತ್ತದೆಯೇ ನೋಡಿ. ಆಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಿ ಸಾಧಾರಣವಾಗಿ ಬ್ರೇಕ್ ಹಾಕಿ. ಮನೆಯವರೊಬ್ಬರು ಪಕ್ಕದಲ್ಲಿ ದೂರ ನಿಂತು ಕಾರಿನ ಚಕ್ರಗಳು ಉಜ್ಜುತ್ತವೆಯೇ, ಎರಡು ಬದಿಯ ಕೆಂಪು ದೀಪಗಳೂ ಉರಿಯುತ್ತವೆಯೇ ಎಂದು ಗಮನಿಸಲಿ. ಹತ್ತು ಸಲ ಹೀಗೆ ನಿಲ್ಲಿಸಿ, ಹತ್ತನೆಯದೂ ಮೊದಲನೆಯದರಂತೆಯೇ ಇದ್ದರೆ ಬಲದ ಹೊಂದಾಣಿಕೆ ಸರಿಯಿದೆ. ಕಾರನ್ನು ಕಟ್ಟಿಕೊಂಡು ಹಿಂದಕ್ಕೆ ಬರುವ ಪ್ರಯತ್ನವನ್ನು ಮಾತ್ರ ಮಾಡಬೇಡಿ. ಚಕ್ರಗಳು ಅಡ್ಡ ತಿರುಗಿ ಎಳೆಸರಳು ಬಾಗುತ್ತದೆ. ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ, ಮುಟ್ಟದೆ ಶಾಖ ಅಳೆಯುವ ಚಿಕ್ಕ ಥರ್ಮಾಮೀಟರ್ ಒಂದನ್ನು ನಾನು ಇಲ್ಲಿಂದಲೇ ಸೂಟ್‌ಕೇಸಿನಲ್ಲಿ ಒಯ್ದಿದ್ದೇನೆ. ಹೊರಟ ಮೊದಲ ಹದಿನೈದು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಕಾರಿನ ನಾಲ್ಕೂ ಡಿಸ್ಕುಗಳ ಶಾಖ ನೋಡಿ ಬರೆದುಕೊಳ್ಳಿ. ಬ್ರೇಕ್ ಹೆಚ್ಚು ಹಾಕದ ಸಮತಟ್ಟು ದಾರಿಯಲ್ಲಿ ಅವು ಬೆಚ್ಚಗಷ್ಟೇ ಇರಬೇಕು. ಯಾವುದಾದರೂ ಒಂದು ಮಿಕ್ಕವಕ್ಕಿಂತ ಬಹಳ ಬಿಸಿಯಿದ್ದರೆ ಅಲ್ಲೇ ನಿಂತು, ಪೆಡಲ್ ಪೂರ್ತಿ ಮೇಲೆ ಬಂದಿದೆಯೇ ಎಂಬಲ್ಲಿಂದ ಹುಡುಕಲು ಆರಂಭಿಸಿ.